ಕದ್ದು ತಂದ ಡೇರೆ

ಕೇಳಿ ತಂದ ಡೇರೆ ಬದುಕುವುದಿಲ್ಲ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನು ಬಯಲುಸೀಮೆಯವಳು. ಲೈನ್‌ಮನ್ ಆಗಿದ್ದ ಗಂಡನಿಗೆ ಹೊಸನಗರಕ್ಕೆ ವರ್ಗವಾಗಿ, ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದ ಬಾಡಿಗೆ ಮನೆಗೆ ಬಂದಾಗ ನನಗೆ ಗೊತ್ತಿದ್ದ ಹೂವೆಂದರೆ ಸಂತೆಯಲ್ಲಿ ಮೊಳದ ಲೆಕ್ಕದಲ್ಲಿ ಸಿಗುವ ಕನಕಾಂಬರ, ಸೇವಂತಿಗೆ, ಅಷ್ಟೆ. ಮೊದಲ ಮಳೆಗಾಲದಲ್ಲಿ ಪಕ್ಕದ ಮನೆಯ ಹಿತ್ತಲಲ್ಲಿ ಊಟದ ತಟ್ಟೆಯಷ್ಟು ಅಗಲದ ಡೇರೆ ಹೂ, ಅಂದರೆ ಡೇಲಿಯಾ, ನೋಡಿ ಬಾಯಿ ಬಿಟ್ಟುಕೊಂಡು ನಿಂತೆ. ಕಡುಗೆಂಪು ಹೂವು, ಎಸಳಿನ ತುದಿಗೆ ಮಾತ್ರ ಯಾರೋ ಸುಣ್ಣ ಮುಟ್ಟಿಸಿದ ಹಾಗೆ ಬಿಳಿ. ಬೇಲಿಯ ಹತ್ತಿರ ಹೋಗಿ, “ಅಕ್ಕಾ, ನನಗೊಂದು ಗೆಡ್ಡೆ ಕೊಡ್ತೀರಾ?” ಎಂದು ಕೇಳಿಯೇಬಿಟ್ಟೆ.

ಪಕ್ಕದ ಮನೆಯ ಅಕ್ಕ ಅಯ್ಯೋ ಪಾಪ ಎನ್ನುವ ಹಾಗೆ ನನ್ನನ್ನು ನೋಡಿದರು. ಬೇಸಿಗೆಯ ಕೊನೆಗೆ ನೆನಪಿಟ್ಟುಕೊಂಡು ಒಂದು ಗೆಡ್ಡೆ ತಂದುಕೊಟ್ಟರು. ನಾನು ಥ್ಯಾಂಕ್ಸ್ ಹೇಳಿದೆ. ಗೊಬ್ಬರ, ಸುಡುಮಣ್ಣು ಎಲ್ಲ ಹಾಕಿ ಕೂಸನ್ನು ಮಲಗಿಸುವ ಹಾಗೆ ನೆಟ್ಟೆ. ಮಳೆ ಹಿಡಿಯುತ್ತಿದ್ದಂತೆ ಅದು ಕೊಳೆತು ನಾರಿತು.

“ಕೇಳಿ ತಗೊಂಡ್ರೆ ಅದೆಲ್ಲಿ ಬದುಕುತ್ತೆ ಮಾರಾಯ್ತಿ?” ಅಕ್ಕ ಸೊಂಟಕ್ಕೆ ಕೈಯಿಟ್ಟು ನಕ್ಕರು. “ಅದರ ಮೇಲೆ ಥ್ಯಾಂಕ್ಸ್ ಬೇರೆ! ಡೇರೆ ಕದ್ದು ತರಬೇಕು. ನನ್ನ ಈ ಕೆಂಪಿದ್ಯಲ್ಲ, ತೀರ್ಥಹಳ್ಳಿ ಕಡೆ ಒಂದು ಮದುವೆ ಮನೆಯಿಂದ ಕದ್ದಿದ್ದು. ರೇಷ್ಮೆ ಸೀರೆ ಉಟ್ಕೊಂಡು ಕದ್ದಿದೀನಿ, ಗೊತ್ತಾ?”

ನನಗೆ ಮೂಗಿನ ತುದಿಯಲ್ಲೇ ಕೋಪ. ಹಾಗಾದರೆ ಮೊದಲೇ ಹೇಳುವುದಕ್ಕೆ ಏನಾಗಿತ್ತು ಎಂದು ಸಿಟ್ಟು ಬಂತು. ಆಮೇಲೆ ತಿಳಿಯಿತು, ಅದನ್ನು ಹೇಳುವ ಹಾಗೂ ಇಲ್ಲ. ಕದಿಯುವುದಕ್ಕೂ ಈ ಕಡೆ ಒಂದು ರೀತಿ ರಿವಾಜಿದೆ. ಮಧ್ಯಾಹ್ನ ಊಟವಾಗಿ ಎಲ್ಲರೂ ಅಡ್ಡಾಗುವ ಹೊತ್ತಿಗೆ ಹೋಗಬೇಕು. ಒಂದೇ ಗೆಡ್ಡೆ ತೆಗೆಯಬೇಕು. ಕೆದಕಿದ ಮಣ್ಣನ್ನು ಅಂಗೈಯಲ್ಲಿ ತಟ್ಟಿ ಸಮ ಮಾಡಿ ಬರಬೇಕು. ಮನೆಯವಳ ಕಣ್ಣಿಗೆ ಬಿದ್ದರೆ ಅವಳು ಆ ಕಡೆ ತಿರುಗಿಕೊಳ್ಳಬೇಕು. ಹೂ ಬಿಟ್ಟ ಮೇಲೆ ಯಾರಾದರೂ ಎಲ್ಲಿಂದ ತಂದೆ ಎಂದು ಕೇಳಿದರೆ, ತಾನಾಗೇ ಹುಟ್ಟಿತು ಎನ್ನಬೇಕು.

ಮಾರನೇ ವರ್ಷ ನಾನು ಬೇಲಿ ದಾಟಿದೆ. ಮಣ್ಣಿಗೆ ಕೈ ಹಾಕಿದ್ದೇ ತಡ, ಒಳಗಿನಿಂದ ಅಕ್ಕನ ಗಂಡನ ದನಿ ಕೇಳಿತು. ಅವರು ರಿಟೈರಾದ ಮೇಷ್ಟ್ರು, ಮಧ್ಯಾಹ್ನ ಪೇಪರನ್ನು ಮುಖದ ಮೇಲೆ ಹಾಕಿಕೊಂಡು ಮಲಗುವವರು. ನಾನು ಭಾವ ಎನ್ನುತ್ತಿದ್ದೆ.

“ಹಿತ್ಲಲ್ಲಿ ಯಾರೇ?” ಎಂದರು ಭಾವ.

ಅಡುಗೆಮನೆಯ ಕಿಟಕಿಯಲ್ಲಿ ಅಕ್ಕ ನಿಂತಿದ್ದರು. ನನ್ನನ್ನು ನೋಡಿದರು. ಮೆಲ್ಲಗೆ ಆ ಕಡೆ ತಿರುಗಿದರು. ಗಂಡನ ಜತೆ ಆಡುವ ಅವರ ಮನೆಮಾತಿನಲ್ಲಿ, “ಯಾರೂ ಇಲ್ಲೆ. ಬೆಕ್ಕು” ಎಂದರು.

ಆ ಗೆಡ್ಡೆ ಬದುಕಿತು. ಚೌತಿಯ ಹೊತ್ತಿಗೆ ನನ್ನ ಹಿತ್ತಲಲ್ಲೂ ಸುಣ್ಣ ಮುಟ್ಟಿಸಿದ ಕೆಂಪು ಹೂ ಬಿಟ್ಟಿತು. ಅಕ್ಕ ಬಂದು ಸುತ್ತ ತಿರುಗಿ ನೋಡಿ, “ಚಂದ ಇದೆ. ಎಲ್ಲಿಂದ ತಂದ್ಯೇ?” ಎಂದರು. ತಾನಾಗೇ ಹುಟ್ಟಿತು ಅಕ್ಕಾ ಎಂದೆ. “ಪುಣ್ಯವಂತೆ ಬಿಡು ನೀನು,” ಎಂದು ಗಂಭೀರವಾಗಿ ತಲೆಯಾಡಿಸಿ ಹೋದರು.

ಹಿತ್ತಲು ನೋಡುವುದನ್ನು ನಾನು ಕಲಿತಿದ್ದು ಹೀಗೆ. ಹಿಂದಿನ ಕಿಟಕಿಗೆ ಹೊಲಿಗೆ ಮಶೀನು ಹಾಕಿಕೊಂಡು ಬ್ಲೌಸ್ ಹೊಲಿಯುತ್ತಿದ್ದೆ. ಎದುರಿಗೆ ಎರಡೂ ಮನೆಯ ಹಿತ್ತಲು, ನಡುವೆ ಕಳ್ಳಿ ಮತ್ತು ದಾಸವಾಳದ ಬೇಲಿ, ಹಿಂದೆ ಅಕೇಶಿಯಾ ನೆಡುತೋಪು, ಅದರಾಚೆ ಹಳೆಯ ಕಾಡು. ಒಂದು ಮುಂಜಾನೆ ಯಾರೋ ಸೊಗಸಾಗಿ ಸಿಳ್ಳೆ ಹೊಡೆಯುವುದು ಕೇಳಿ, ಹೆಂಗಸರಿರುವ ಮನೆ ಹಿಂದೆ ಎಂಥ ಪೋಲಿಯಪ್ಪ ಇವನು ಎಂದು ಪೊರಕೆ ಹಿಡಿದು ಹೊರಗೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕಪ್ಪುನೀಲಿ ಹಕ್ಕಿಯೊಂದು ಕೂತು ಸಿಳ್ಳೆ ಹಾಕುತ್ತಿತ್ತು. ಬೇಲಿಯಾಚೆ ಅಕ್ಕ ನಕ್ಕೂ ನಕ್ಕೂ ಕಣ್ಣಲ್ಲಿ ನೀರು ತಂದುಕೊಂಡರು. “ಮಳೆ ಹತ್ರ ಬಂತು ಅಂತ ಹೇಳೋಕೆ ಬಂದಿದೆ ಕಣೇ. ಪೊರಕೆ ಒಳಗಿಡು.”

ಮಳೆಗಾಲ ಹತ್ತಿತೆಂದರೆ ರಕ್ತ ಹೀರುವ ಇಂಬಳ, ಗಿಡ ತಿನ್ನುವ ಬಸವನಹುಳು. ಡೇರೆಯ ಎಳೆ ಕುಡಿ ಎಂದರೆ ಬಸವನಹುಳುವಿಗೆ ಪಂಚಪ್ರಾಣ. ನಾನು ಅವುಗಳ ಮೇಲೆ ಉಪ್ಪು ಹಾಕುತ್ತಿದ್ದೆ. ಅಕ್ಕನಿಗೆ ಕೊಲ್ಲುವುದು ಆಗದು, ಆರಿಸಿ ಆರಿಸಿ ಬೇಲಿಯಿಂದ ಈಚೆಗೆ ನನ್ನ ಹಿತ್ತಲಿಗೆ ಎಸೆಯುತ್ತಿದ್ದರು. ಈ ವಿಷಯಕ್ಕೆ ನಾವು ಎಷ್ಟು ಜಗಳವಾಡಿದ್ದೇವೋ! ಚೌತಿಗೆ ಬೇಲಿಯ ಮೇಲೆ ಬೆಂಕಿ ಹತ್ತಿದ ಹಾಗೆ ಗೌರಿ ಹೂ. ಚಳಿಗೆ ಬಸರಿ ಮರದ ಹಣ್ಣಿಗೆ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಗಳು ಬರುತ್ತಿದ್ದವು. ಅವುಗಳ ರೆಕ್ಕೆಯ ಸದ್ದಿಗೆ ನನ್ನ ಮಶೀನು ತಾನಾಗಿ ನಿಲ್ಲುತ್ತಿತ್ತು. ಬಿಸಿಲು ಏರುತ್ತಿದ್ದಂತೆ ಅಕ್ಕನ ಸುರಗಿ ಮರ ಮೈತುಂಬ ಹೂ ಬಿಟ್ಟು, ಜೇನಿನ ಮೊರೆತಕ್ಕೆ ಇಡೀ ಮರವೇ ಗುಂಯ್ ಎನ್ನುತ್ತಿತ್ತು. ಬೇಸಿಗೆಯ ಕೊನೆಯ ಸಂಜೆಗಳಲ್ಲಿ ಮಿಣುಕುಹುಳುಗಳು. ಹಿಂದಿನ ಮೆಟ್ಟಿಲ ಮೇಲೆ ಅವರು, ಈಚೆ ಮೆಟ್ಟಿಲ ಮೇಲೆ ನಾನು, ಮಾತಿಲ್ಲದೆ ಕೂತಿರುತ್ತಿದ್ದೆವು. ನನ್ನ ಆಯುಷ್ಯದಲ್ಲಿ ಅಷ್ಟು ಸುಖವಾಗಿ ನಾನು ಸುಮ್ಮನಿದ್ದದ್ದು ಆ ಸಂಜೆಗಳಲ್ಲೇ ಇರಬೇಕು.

ಅಕ್ಕನಿಗೆ ಹೊಟ್ಟೆನೋವು ಶುರುವಾಗಿದ್ದು ಒಂದು ಚಳಿಗಾಲದಲ್ಲಿ. ಗ್ಯಾಸ್ ಎಂದುಕೊಂಡರು, ಕಷಾಯ ಕುಡಿದರು. ಕೊನೆಗೆ ಸಾಗರಕ್ಕೆ ಕೊಟ್ಟಿದ್ದ ಮಗಳು ಬಂದು ಮಂಗಳೂರಿಗೆ ಕರೆದುಕೊಂಡು ಹೋದಳು. ಕ್ಯಾನ್ಸರ್ ಎಂದರು. ಆಪರೇಶನ್ನು, ಆಮೇಲೆ ಕಿಮೋ ಎಂದು ಅವರು ಆ ಊರಿನಲ್ಲೇ ಉಳಿದರು. ಈಚೆ ಹಿತ್ತಲು ಕಾಯುವವಳು ನಾನು. ಆದರೆ ಮುಳ್ಳುಹಂದಿಗೆ ಹೇಳುವವರು ಯಾರು? ಬೇರೆ ಡೇರೆ ಗೆಡ್ಡೆಗಳನ್ನು ಅಕ್ಕ ಕಿತ್ತು ಬೂದಿಯ ಬುಟ್ಟಿಯಲ್ಲಿ ಹಾಕಿಟ್ಟಿದ್ದರು, ಸುಣ್ಣದಂಚಿನ ಕೆಂಪು ಮಾತ್ರ ತಡವಾಗಿ ಒಣಗಿದ್ದರಿಂದ ನೆಲದಲ್ಲೇ ಉಳಿದಿತ್ತು. ಒಂದು ಬೆಳಗ್ಗೆ ನೋಡಿದರೆ ಪಾತಿ ಪೂರ್ತಿ ಅಗೆದುಹೋಗಿತ್ತು. ಅರ್ಧ ತಿಂದ ಗೆಡ್ಡೆಗಳ ನಡುವೆ ಉದ್ದನೆಯ ಮುಳ್ಳೊಂದು ಬಿದ್ದಿತ್ತು. ಸೀಮಂತದಲ್ಲಿ ಬೈತಲೆ ತೆಗೆಯುವುದಕ್ಕೆ ಊರವರೆಲ್ಲ ಅಂಥ ಮುಳ್ಳಿಗಾಗಿ ಅಕ್ಕನ ಬಳಿಗೇ ಬರುವುದು. ನಾನು ಅದನ್ನು ಎತ್ತಿಟ್ಟೆ. ಮುಳ್ಳುಹಂದಿಯ ಏಳು ತಲೆಮಾರಿಗೂ ಬೈದೆ. ಈಗ ಆ ಬಣ್ಣದ ಗೆಡ್ಡೆ ಉಳಿದಿದ್ದು ನನ್ನ ಹತ್ತಿರ, ಅದೂ ಒಂದೇ ಒಂದು.

ಯುಗಾದಿ ಕಳೆದು ಅಕ್ಕ ವಾಪಸ್ಸು ಬಂದರು. ತಲೆಗೆ ಹತ್ತಿಯ ಬಟ್ಟೆ ಕಟ್ಟಿಕೊಂಡಿದ್ದರು. ಕೈ ಬೆರಳುಗಳು ಕಡ್ಡಿ. ಔಷಧಿಯ ಕೆಲಸ ಇನ್ನು ಹೆಚ್ಚಿಲ್ಲ ಎಂದು ಡಾಕ್ಟರು ಮಗಳಿಗೆ ಹೇಳಿದ್ದರಂತೆ. ಅಕ್ಕನಿಗೆ ಯಾರೂ ಹೇಳದಿದ್ದರೂ ಅದು ಗೊತ್ತಿತ್ತು. ಹಿತ್ತಲಿಗೆ ಬರಲಿಲ್ಲ. ಸುರಗಿ ಉದುರಿ ಬಾಡಿದರೂ ಆರಿಸಲಿಲ್ಲ. ನಾನು ಆರಿಸಿ ಕೊಟ್ಟರೆ ಮೂಸಿಯೂ ನೋಡದೆ ಪಕ್ಕಕ್ಕಿಟ್ಟರು. ಕಾಯಿಲೆಗಿಂತ ಹೆಚ್ಚಾಗಿ ಅದು ನನ್ನನ್ನು ಹೆದರಿಸಿತು.

ಮೊದಲ ಗುಡುಗು ಬಂದ ವಾರ ಅಕ್ಕ ನನ್ನನ್ನು ಕರೆಸಿದರು. ಹೋದೆ. ಬೂದಿಯ ಬುಟ್ಟಿಯನ್ನು ನನ್ನ ಮುಂದಕ್ಕೆ ತಳ್ಳಿದರು. ಹಳದಿ, ಬಿಳಿ, ನೇರಳೆ ಎಲ್ಲ ಗೆಡ್ಡೆಗಳೂ ಅದರಲ್ಲಿದ್ದವು. “ತಗೊಂಡು ಹೋಗೇ. ಎಲ್ಲ ನಿಂಗೇ,” ಎಂದರು.

“ಏನಕ್ಕಾ ಇದು? ಕೊಟ್ರೆ ಬದುಕಲ್ಲ ಅಂತ ನೀವೇ ಹೇಳಿದ್ದಲ್ವಾ?”

“ಬದುಕಲಿ ಅಂತ ಯಾರು ಕೊಡ್ತಾ ಇದಾರೆ ಮಾರಾಯ್ತಿ? ಮನೆ ಖಾಲಿ ಆಗ್ಲಿ ಅಂತ ಕೊಡ್ತಾ ಇದೀನಿ.”

ನನಗೆ ಎಲ್ಲಿತ್ತೋ ಸಿಟ್ಟು, ಕಾಯಿಲೆಯವರ ಮುಂದೆ ಕೂಗಬಾರದು ಎಂಬುದೂ ಮರೆತುಹೋಯಿತು. “ನಿಮ್ಮ ಗೆಡ್ಡೆ ನನಗೆ ಬೇಡ! ನಿಮ್ಮ ಹಿತ್ತಲಲ್ಲೇ ನೆಡಿ, ಬೇಕಾದ್ರೆ ಬಂದು ಕದೀತೀನಿ. ಕೈಯಲ್ಲಿ ಕೊಟ್ರೆ ಮುಟ್ಟೋದಿಲ್ಲ,” ಎಂದು ಕಿರುಚಿದೆ. ಬುಟ್ಟಿಯನ್ನು ಅಲ್ಲೇ ಬಿಟ್ಟು ಮನೆಗೆ ಬಂದು, ಒಲೆಯ ಮುಂದೆ ಕೂತು ಅತ್ತೆ. ಈ ಮಳೆಗಾಲದ ಹೂ ನೋಡಬೇಕು ಎಂಬ ಆಸೆ ಒಂದು ಅವರಲ್ಲಿ ಉಳಿದಿದ್ದರೆ ಸಾಕಿತ್ತು ನನಗೆ. ಅದೇ ಇಲ್ಲದಿದ್ದರೆ ಇನ್ನೇನು ಉಳಿಯಿತು?

ಆಮೇಲೆ ನಾನೂ ಹೋಗಲಿಲ್ಲ, ಅವರೂ ಕರೆಯಲಿಲ್ಲ. ರೋಹಿಣಿ ಮಳೆ ಒಂದೆರಡು ಬಂದು ಮಣ್ಣು ಮೆತ್ತಗಾಯಿತು. ನಾನು ಕೆಂಪು ಗೆಡ್ಡೆಯನ್ನು ಬೇಲಿಯ ಹತ್ತಿರದ ಪಾತಿಯಲ್ಲಿ ನೆಟ್ಟೆ. ಮೊಳಕೆ ಅಕ್ಕನ ಕಿಟಕಿಗೆ ಕಾಣುವ ಹಾಗೆ, ಬೇಕೆಂದೇ.

ಒಂದು ಮಧ್ಯಾಹ್ನ ಗಂಡ ಊಟ ಮಾಡಿ ಚಾಪೆಯ ಮೇಲೆ ಮಲಗಿದ್ದ. ನಾನು ಯಾರದೋ ಮದುವೆಯ ಬ್ಲೌಸಿಗೆ ತೋಳು ಕೂರಿಸುತ್ತಿದ್ದೆ. ಕಿಟಕಿಯಾಚೆ ಏನೋ ಅಲುಗಿತು. ತಲೆಗೆ ಬಟ್ಟೆ ಕಟ್ಟಿಕೊಂಡ ಅಕ್ಕ, ಬೇಲಿಯ ಗೂಟ ಹಿಡಿದು, ನಿಂತು ಉಸಿರು ತೆಗೆದುಕೊಂಡು, ಮತ್ತೆ ಒಂದು ಹೆಜ್ಜೆ ಇಡುತ್ತಿದ್ದರು. ಪಾತಿಯ ಹತ್ತಿರ ಬಂದು ಕೂರುವುದಕ್ಕೇ ಎಷ್ಟೋ ಹೊತ್ತು ಹಿಡಿಯಿತು. ನನಗೆ ಓಡಿಹೋಗಿ ಹಿಡಿದುಕೊಳ್ಳಬೇಕು ಎನ್ನಿಸಿತು. ಹಾಗೆ ಮಾಡುವ ಹಾಗಿಲ್ಲ. ಕೂತಲ್ಲೇ ಕಿಟಕಿಯಿಂದ ಮುಖ ತಿರುಗಿಸಿದೆ. ಸದ್ದು ನಿಂತರೆ ನೋಡಿಬಿಟ್ಟಳು ಎಂದುಕೊಂಡಾರು ಎಂದು, ಮಶೀನಿನಲ್ಲಿ ಬಟ್ಟೆಯೇ ಇಲ್ಲದೆ ಸುಮ್ಮನೆ ತುಳಿಯುತ್ತಾ ಹೋದೆ.

“ಹಿತ್ತಲಲ್ಲಿ ಯಾರೋ ಇದ್ದಂಗಿದೆಯಲ್ಲೇ?” ಗಂಡ ಕಣ್ಣು ತೆರೆದ.

“ಯಾರೂ ಇಲ್ಲ. ಬೆಕ್ಕು,” ಎಂದೆ.

ಸಂಜೆ ಹೋಗಿ ನೋಡಿದೆ. ಗೆಡ್ಡೆ ಇರಲಿಲ್ಲ. ಮಣ್ಣು ಅಂಗೈಯಲ್ಲಿ ತಟ್ಟಿ ಸಮ ಮಾಡಿತ್ತು, ಬೆರಳಿನ ಗುರುತು ಹಾಗೇ ಇತ್ತು. ನಾನು ಆ ಮಣ್ಣಿನ ಮುಂದೆ ಕುಕ್ಕರಗಾಲಲ್ಲಿ ಕೂತು ಹುಚ್ಚಿಯ ಹಾಗೆ ನಕ್ಕೆ. ಅಷ್ಟು ಸಂತೋಷ ನನಗೆ ಮಕ್ಕಳು ಹುಟ್ಟಿದಾಗಲೂ ಆಗಿರಲಿಲ್ಲ ಎಂದರೆ ತಪ್ಪಾದೀತು, ಆದರೆ ಹೆಚ್ಚುಕಡಿಮೆ ಅಷ್ಟೇ ಆಗಿತ್ತು.

ಆರಿದ್ರಾ ಮಳೆ ಆರದೆ ಹುಯ್ಯುತ್ತದೆ ಎನ್ನುತ್ತಾರೆ, ಆ ವರ್ಷವೂ ಹಾಗೇ ಹುಯ್ದಿತು. ಅಕ್ಕ ಹಿಂದಿನ ಬಾಗಿಲಿಗೆ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ಬಸವನಹುಳು ಆರಿಸುವ ಕೆಲಸ ಭಾವನಿಗೆ ಬಿತ್ತು, ಪಾಪ, ಅವರು ಕೊಡೆ ಹಿಡಿದು ಚಿಮಟದಲ್ಲಿ ಆರಿಸುತ್ತಿದ್ದರು. “ಆಚೆ ಎಸೀರಿ, ಅವಳ ಹಿತ್ತಲಿಗೆ,” ಎಂದು ಅಕ್ಕ ಕುರ್ಚಿಯಿಂದಲೇ ಹೇಳುವುದು ನನಗೆ ಕೇಳಲೆಂದೇ. ಅಕ್ಕನ ಹಿತ್ತಲಿನ ಗಿಡ ಮೊಣಕಾಲೆತ್ತರ ಬಂತು, ಸೊಂಟದೆತ್ತರ ಬಂತು. ಒಂದು ದಿನ ಬಾಗಿಲಿನಿಂದ ಕೂಗಿದರು.

“ಏ ಇವಳೇ, ನಮ್ಮನೆ ಡೇರೆ ನೋಡಿದ್ಯಾ? ಮೊಗ್ಗು ಬಂದಿದೆ.”

“ಎಲ್ಲಿಂದ ತಂದ್ರಿ ಅಕ್ಕಾ?”

“ತಾನಾಗೇ ಹುಟ್ತು.”

“ಪುಣ್ಯವಂತರು ಬಿಡಿ ನೀವು,” ಎಂದೆ. ಅಕ್ಕ ಗಂಭೀರವಾಗಿ ತಲೆಯಾಡಿಸಿದರು.

ಆಶ್ಲೇಷ ಮಳೆಯಲ್ಲಿ ಅಕ್ಕ ಹೋದರು. ಹೂ ಇನ್ನೂ ಅರಳಿರಲಿಲ್ಲ. ಮೊಗ್ಗಿನ ತುದಿ ಬಿರಿದು ಕೆಂಪು ಕಾಣುತ್ತಿತ್ತು, ಅಷ್ಟನ್ನು ನೋಡಿದ್ದರು. ಕಾರ್ಯಗಳೆಲ್ಲ ಮುಗಿದು ನೆಂಟರು ಹೋದ ಮೇಲೆ ಗಿಡದ ತುಂಬ ಹೂವು, ಭಾರಕ್ಕೆ ನೆಲಕ್ಕೆ ಬಾಗಿತ್ತು. ಕೋಲು ಕೊಟ್ಟು ಕಟ್ಟಬೇಕು ಎಂದು ಭಾವನಿಗೆ ತಿಳಿಯದು. ನಾನೇ ಹೋಗಿ ಕಟ್ಟಿದೆ. ಭಾವ ಬಾಗಿಲಲ್ಲಿ ನಿಂತು ನೋಡಿದರು. ಆ ಹೂವನ್ನು ಅವರೂ ಕೀಳಲಿಲ್ಲ, ನಾನೂ ಕೀಳಲಿಲ್ಲ. ಮಕರಂದ ಹೀರುವ ಪುಟ್ಟ ಸೂರಕ್ಕಿ ಬಂದು ಬಂದು ಹೋಯಿತು.

ಕಾರ್ತಿಕ ಕಳೆದು ಗಿಡ ಒಣಗಿತು. ಮಗಳು ನಾಲ್ಕು ದಿನಕ್ಕೆಂದು ಸಾಗರದಿಂದ ಬಂದಿದ್ದಳು. ಒಂದು ಬೆಳಗ್ಗೆ ಭಾವ ಬೇಲಿಯ ಹತ್ತಿರ ಬಂದು ನನ್ನನ್ನು ಕರೆದರು. ಎರಡೂ ಕೈ ಮಣ್ಣಾಗಿತ್ತು, ಕೈಯಲ್ಲಿ ಗೆಡ್ಡೆಯ ಗೊಂಚಲು.

“ಮುಳ್ಳುಹಂದಿ ಬರೋ ಮೊದಲು ಅಗೆದೆ. ನಂಗೆ ಇದೆಲ್ಲ ಗೊತ್ತಾಗಲ್ಲ ತಂಗಿ, ನೀನೇ ಇಟ್ಕೊ,” ಎಂದು ಬೇಲಿಯ ಮೇಲಿನಿಂದ ಚಾಚಿದರು.

ಕೈ ನೀಡಿದರೆ ಮುಗಿಯಿತು. ಅಕ್ಕನ ಕೆಂಪು ಇನ್ನೆಲ್ಲೂ ಇಲ್ಲ. “ಕೊಡಬೇಡಿ ಭಾವ!” ಎಂದೆ. ದನಿ ಒರಟಾಗಿ ಬಂತು. ಅವರ ಮುಖ ಸಣ್ಣದಾಯಿತು. ಹೆಂಡತಿಯ ಗಿಡವನ್ನು ಬೇಡ ಎಂದಳಲ್ಲ ಎಂದುಕೊಂಡಿರಬೇಕು. ಮೇಷ್ಟ್ರಾಗಿದ್ದವರಿಗೆ ನಾನು ಏನೆಂದು ಬಿಡಿಸಿ ಹೇಳಲಿ? “ಇದ್ದಲ್ಲೇ ಹೂಳಿಬಿಡಿ. ಊಟ ಮಾಡಿ, ಒಳಗೆ ಹೋಗಿ ಮಲಗಿ. ದಮ್ಮಯ್ಯ, ಇನ್ನೇನೂ ಕೇಳಬೇಡಿ,” ಎಂದಷ್ಟೇ ಹೇಳಿದೆ. ಅವರು ಗೆಡ್ಡೆಯನ್ನೂ ನನ್ನನ್ನೂ ಸ್ವಲ್ಪ ಹೊತ್ತು ನೋಡಿ, ಹಿಂದಕ್ಕೆ ಹೋಗಿ ಪಾತಿಯ ಮುಂದೆ ಕಷ್ಟಪಟ್ಟು ಬಗ್ಗಿದರು.

ಮಧ್ಯಾಹ್ನ ಊಟದ ಹೊತ್ತು ಮೀರಿದ ಮೇಲೆ ಬೇಲಿ ದಾಟಿದೆ. ಮಣ್ಣು ಇನ್ನೂ ಸಡಿಲವಾಗಿತ್ತು. ಒಂದೇ ಗೆಡ್ಡೆ ಮುರಿದುಕೊಂಡು, ಹೆಗಲ ಮೇಲಿನ ಟವೆಲಿನಲ್ಲಿ ಸುತ್ತಿದೆ. ಮಣ್ಣು ಎಳೆದು ಅಂಗೈಯಲ್ಲಿ ತಟ್ಟುತ್ತಿದ್ದೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

“ಹಿತ್ಲಲ್ಲಿ ಯಾರು ಅಪ್ಪಯ್ಯಾ?” ಮಗಳ ದನಿ.

ನಾನು ತಲೆಯೆತ್ತಿದೆ. ಕಿಟಕಿಯಲ್ಲಿ ಭಾವ ನಿಂತಿದ್ದರು. ನನ್ನನ್ನು ನೋಡಿದರು. ಮೆಲ್ಲಗೆ ಆ ಕಡೆ ತಿರುಗಿದರು.

“ಯಾರೂ ಇಲ್ಲೆ,” ಎಂದರು. “ಬೆಕ್ಕು.”