ಹಡಗು ಹತ್ತಿದ ಮಡಿಲಕ್ಕಿ

ಕಂಟೇನರು ಬರುತ್ತದೆ ಎಂದು ಹೇಳಿದ ದಿನ ಅದು ಬರುವುದಿಲ್ಲ. ನಾರಿನ ಯಾರ್ಡಿನಲ್ಲಿ ಮೇಸ್ತ್ರಿಯಾಗಿದ್ದಷ್ಟು ಕಾಲ ನಾನು ಕಲಿತದ್ದು ಇದೊಂದೇ. ಹೊಸದುರ್ಗದಿಂದ ಮಾಡದಕೆರೆ ಕಡೆ ಹೋಗುವ ರಸ್ತೆಯಲ್ಲಿ, ತೆಂಗಿನ ತೋಟಗಳ ಮಗ್ಗುಲಲ್ಲಿ ನಮ್ಮ ಯಾರ್ಡು. ಸಮುದ್ರ ಎಲ್ಲಿದೆ ಎಂದು ಅಲ್ಲಿನ ಹೆಂಗಸರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಕೈ ತೋರಿಸುತ್ತಿದ್ದರು. ಆದರೂ ನಮ್ಮ ಕೂಲಿ, ರಜೆ, ಸಿಟ್ಟು, ನಿದ್ದೆ ಎಲ್ಲವೂ ಆ ಕಾಣದ ಸಮುದ್ರದ ಕೈಯಲ್ಲಿತ್ತು. ಚೆನ್ನೈ ಬಂದರಿನ ಗೇಟಿನಲ್ಲಿ ಲಾರಿಗಳು ಸಾಲುಗಟ್ಟಿದರೆ ನಮ್ಮಲ್ಲಿ ಕೆಲಸ ನಿಲ್ಲುತ್ತಿತ್ತು. ಕೊಲಂಬೊದಲ್ಲಿ ಹಡಗು ತಡವಾದರೆ ನಾವು ಇಲ್ಲಿ ಮಾಲಿನ ಮೇಲೆ ಟಾರ್ಪಾಲು ಹೊದಿಸಿ ಸುಮ್ಮನೆ ಕೂರಬೇಕಿತ್ತು.

ಯಾರ್ಡು ಹೊಸದುರ್ಗದ ಒಬ್ಬ ಸಾಹೇಬರದು. ಅವರ ತಾತ, ಮುತ್ತಾತನ ಕಾಲದಿಂದ ಹಗ್ಗದ ವ್ಯಾಪಾರ. ಒಂದು ಸಲ ನಾನು ರೇಗಿ, "ಅಲ್ಲ ಸಾಹೇಬ್ರೆ, ಚೆನ್ನೈಲಿ ಹಡಗು ಹತ್ತಿದ್ ಮೇಲೆ ಸೀದಾ ಹೋಗ್ಬಾರ್ದ? ಕೊಲಂಬೊ ಯಾಕೆ, ಸಿಂಗಾಪುರ ಯಾಕೆ?" ಎಂದು ಕೇಳಿದ್ದೆ.

"ಏನಕ್ಕಾ ನೀನು! ಹೊಸದುರ್ಗದಿಂದ ಬಳ್ಳಾರಿಗೆ ಹೋಗೋರು ಚಿತ್ರದುರ್ಗದಾಗೆ ಇಳಿದು ಬಸ್ ಬದಲಾಯಿಸಲ್ವ? ಇದೂ ಅಷ್ಟೇ. ಕಂಟೇನರ್ ಡಬ್ಬ ಅಲ್ಲಿ ಇಳಿದು ಇನ್ನೊಂದು ಹಡಗಿಗೆ ಕಾಯ್ತದೆ," ಎಂದರು ಅವರು. ಅವತ್ತಿನಿಂದ ದೊಡ್ಡ ದೊಡ್ಡ ಬಂದರುಗಳೆಲ್ಲ ನನ್ನ ಮಟ್ಟಿಗೆ ಬಸ್ ಸ್ಟ್ಯಾಂಡುಗಳೇ ಆದವು. ನಮ್ಮ ಡಬ್ಬ ಎಲ್ಲೋ ಒಂದು ಮೂಲೆಯಲ್ಲಿ ಬಿಸಿಲಿಗೆ ಕಾದು ಕೂತಿದೆ, ಬಸ್ಸು ಬಂದರೂ ಸೀಟಿಲ್ಲ ಎನ್ನುತ್ತಾರೆ, ಇದೇ ಚಿತ್ರ.

ನಾವು ಕಳಿಸುತ್ತಿದ್ದದ್ದೇನು ಮುತ್ತುರತ್ನವಲ್ಲ. ಹೊಳಲ್ಕೆರೆ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ತೆಂಗಿನ ಸಿಪ್ಪೆ ಬರುತ್ತಿತ್ತು. ನಾರು ಹಗ್ಗಕ್ಕೆ ಹೋದ ಮೇಲೆ ಪುಡಿ ಉಳಿಯುತ್ತದೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಆ ಪುಡಿಯನ್ನು ರಸ್ತೆ ಪಕ್ಕ ಗುಡ್ಡೆ ಹಾಕಿ ಬೆಂಕಿ ಇಡುತ್ತಿದ್ದರು. ವಾರಗಟ್ಟಲೆ ಹೊಗೆ. ಆಮೇಲೆ ಯಾವುದೋ ದೇಶದಲ್ಲಿ ಮಣ್ಣಿನ ಬದಲು ಇದರಲ್ಲೇ ಟೊಮ್ಯಾಟೊ ಬೆಳೆಯುತ್ತಾರೆ ಎಂದು ಗೊತ್ತಾಯಿತು ನೋಡಿ, ಪುಡಿಗೆ ಎಲ್ಲಿಲ್ಲದ ಮರ್ಯಾದೆ ಬಂತು. ಅದನ್ನು ತೊಳೆಯುವುದು, ಸಿಮೆಂಟಿನ ಕಣದಲ್ಲಿ ಹರವಿ ಒಣಗಿಸುವುದು, ಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡುವುದು. ಮೂಗು, ಗಂಟಲು, ಸೀರೆಯ ನೆರಿಗೆ, ಊಟದ ಡಬ್ಬಿ, ಎಲ್ಲ ಕಡೆ ಕಂದು ಪುಡಿ. ಮನೆಗೆ ಹೋಗಿ ಮುಖ ತೊಳೆದರೆ ನೀರು ಕಾಫಿ ಬಣ್ಣಕ್ಕೆ ತಿರುಗುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ತಲೆನೋವೆಂದರೆ ಬೀಜ. ಆ ದೇಶದವರಿಗೆ ಒಂದು ಹುಲ್ಲಿನ ಬೀಜವೂ ಬರಕೂಡದು. ಅವರ ಬಂದರಿನಲ್ಲಿ ಡಬ್ಬ ತೆರೆದು, ದೀಪ ಹಿಡಿದು ಹುಡುಕುತ್ತಾರಂತೆ. ಹಾಗಾಗಿ ಕಣದ ಸುತ್ತ ಹುಲ್ಲು ಕೀಳುವುದು, ಹಕ್ಕಿ ಓಡಿಸುವುದು, ಕಾಳು ಕಡ್ಡಿ ಆರಿಸುವುದೇ ನಮ್ಮ ಅರ್ಧ ಕೆಲಸ. ಬುತ್ತಿ ಗೇಟಿನ ಹೊರಗೆ. ಮುಡಿದ ಹೂವೂ ಒಳಗೆ ಬರುವಂತಿಲ್ಲ. ಗೇಟಿನ ಗೋಡೆಗೆ ನಾನೇ ಮೊಳೆ ಹೊಡೆಸಿದ್ದೆ. ಬೆಳಿಗ್ಗೆ ಬಂದವರು ಕನಕಾಂಬರ, ಮಲ್ಲಿಗೆ, ಸೇವಂತಿಗೆಯನ್ನು ಅಲ್ಲಿ ನೇತುಹಾಕಿ, ಸಂಜೆ ಬಾಡಿದ ಹೂವನ್ನೇ ಮತ್ತೆ ಮುಡಿದು ಹೋಗುತ್ತಿದ್ದರು.

ನನ್ನ ಅತ್ತೆಯೂ ಅಲ್ಲೇ ಕೆಲಸಕ್ಕಿದ್ದರು. ಮನೆಯಲ್ಲಿ ಅವರು ನನ್ನ ಮೇಲೆ, ಯಾರ್ಡಿನಲ್ಲಿ ನಾನು ಅವರ ಮೇಲೆ. ಇದನ್ನು ಅವರು ಒಂದು ದಿನವೂ ಒಪ್ಪಿಕೊಳ್ಳಲಿಲ್ಲ. ನಾನು ಏನಾದರೂ ಹೇಳಿದರೆ, "ಹೂಂ ಮೇಸ್ತ್ರಿ, ಆಯ್ತು ಮೇಸ್ತ್ರಿ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳುವುದು, ಮನೆಗೆ ಬಂದ ಮೇಲೆ ಸಾರಿಗೆ ಉಪ್ಪು ಜಾಸ್ತಿ ಎಂದು ಸೇಡು ತೀರಿಸಿಕೊಳ್ಳುವುದು. ಅವರಿಗೆ ಹುಟ್ಟಿದ್ದೆಲ್ಲ ಗಂಡು. ನಾನು ಹಿರಿಸೊಸೆ, ಹಿರಿಯೂರು ತಾಲೂಕಿನ ಯಲ್ಲದಕೆರೆಯವಳು. ನಮ್ಮವ್ವ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ಮದುವೆ ಮಾಡಿ ಕಳಿಸುವಾಗ ಮಡಿಲು ತುಂಬಬೇಕು ಎಂಬುದು ನಮ್ಮ ಮನೆಯ ಗಂಡಸರಿಗೆ ನೆನಪಾಗಲಿಲ್ಲ. ಬಂದ ದಿನವೇ ಅತ್ತೆ ನನ್ನ ಖಾಲಿ ಸೆರಗನ್ನು ನೋಡಿದ್ದು ನನಗೆ ಗೊತ್ತು.

ಕಳೆದ ವರ್ಷ ಯಾರ್ಡು ಮುಚ್ಚುವ ಸ್ಥಿತಿಗೆ ಬಂತು. ಹಡಗಿನ ಬಾಡಿಗೆ ಏರಿತು, ಹಳೇ ಗಿರಾಕಿಗಳು ಕೈಬಿಟ್ಟರು. ಕೊನೆಗೆ ಹೊಸಬನೊಬ್ಬ ಸಿಕ್ಕ. ಸಾಹೇಬರು ನಮ್ಮನ್ನೆಲ್ಲ ನೆರಳಿಗೆ ಕೂರಿಸಿ ಬಿಚ್ಚಿ ಹೇಳಿದರು: "ನೋಡ್ರಮ್ಮಾ, ಒಂದು ಡಬ್ಬ ಕಳ್ಸಿ, ನೋಡಾಣ ಅಂದವ್ರೆ. ಅದು ಸರಿಯಾಗಿ ಮುಟ್ಟಿದ್ರೆ ತಿಂಗಳಿಗೊಂದು ಡಬ್ಬ, ಯಾರ್ಡು ಉಳೀತದೆ. ಇಲ್ಲಾಂದ್ರೆ ನಾನು ಯಂತ್ರ ಮಾರಿ ಬಾಗಿಲು ಹಾಕ್ತೀನಿ. ನನ್ನ ಕೈಲೂ ಆಗ್ತಿಲ್ಲ."

ಆ ಡಬ್ಬಕ್ಕಾಗಿ ನಾವು ಪಟ್ಟ ಪಾಡು ಆ ದೇವರಿಗೇ ಪ್ರೀತಿ. ಕಣ್ಣು ಮುಚ್ಚಿದರೂ ನನಗೆ ಬೀಜಗಳೇ ಕಾಣುತ್ತಿದ್ದವು. ಅತ್ತೆ ಮಂಡಿ ನೋವಿಗೆ ಎಣ್ಣೆ ತಿಕ್ಕಿಕೊಂಡು ಬಂದು, ಕಣದ ಅಂಚಿನಲ್ಲಿ ಕೂತಲ್ಲೇ ಸರಿಯುತ್ತಾ ಹುಲ್ಲು ಕಿತ್ತರು. "ಮನೇಲಿರ್ರಿ ಅತ್ತೆ" ಎಂದರೆ, "ಮನೇಲಿ ಕುಂತು ಗೋಡೆ ನೋಡ್ಲಾ? ಈ ಯಾರ್ಡು ಹೋದ್ರೆ ನಾನು ಮೂಲೆ ಸೇರ್ದಂಗೇ ಕಣೇ," ಎಂದರು. ಅವರ ಬಾಯಲ್ಲಿ ಅಷ್ಟು ಮೆತ್ತಗಿನ ಮಾತು ನಾನು ಕೇಳಿರಲಿಲ್ಲ.

ಕಂಟೇನರು ಹೇಳಿದ ದಿನ ಬರಲಿಲ್ಲ. ಮರುದಿನವೂ ಇಲ್ಲ. ಬಂದಾಗ ನಾವೆಲ್ಲ ಕಾದು ಕಾದು ಸುಸ್ತಾಗಿದ್ದೆವು, ಅದರ ಮೇಲೆ ತುಂಬುವ ಕೆಲಸ ಬೇರೆ. ಡ್ರೈವರ್ ಅನಂತಪುರದ ಕಡೆಯವನು, ಕಾಲು ನಿಲ್ಲದ ಮನುಷ್ಯ. "ತ್ವರಗಾ ಅಕ್ಕಾ, ತ್ವರಗಾ! ಟೈಮ್ ಮೀರಿದ್ರೆ ಪೋರ್ಟ್ ಗೇಟಾಗೆ ನಾನು ಲಾರಿ ಕೆಳಗೇ ಮಲಗ್ಬೇಕು," ಎಂದು ಪ್ರಾಣ ತಿಂದ. ಸಂಜೆ ಹೊತ್ತಿಗೆ ಕೊನೆಯ ಸಾಲು ಏರಿತು. ಪೂಜೆ ಹೊರಗಡೆ ಮಾಡಿಕೊಳ್ಳಿ ಎಂದು ಸಾಹೇಬರು ಮೊದಲೇ ಹೇಳಿದ್ದರು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆವು, ದೂರದಲ್ಲಿ ಕಾಯಿ ಒಡೆದೆವು. ನಾನು ಚೂರುಗಳನ್ನು ಗುಡಿಸಿ ಎತ್ತಿಸಿ, ಡ್ರೈವರ್ ಜೊತೆ ಇನ್ನೊಂದು ಸುತ್ತು ಜಗಳವಾಡಿ ಬರುವಷ್ಟರಲ್ಲಿ ಅತ್ತೆ ಡಬ್ಬದ ಬಾಗಿಲ ಬಳಿ ನಿಂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಡ್ರೈವರ್ ಬಾಗಿಲು ಮುಚ್ಚಿ ಸೀಲು ಒತ್ತಿದ. ಲಾರಿ ತಿರುವಿನಲ್ಲಿ ಮರೆಯಾಗುವವರೆಗೂ ಅತ್ತೆ ಕದಲಲಿಲ್ಲ. ದಣಿದಿದ್ದಾರೆ ಎಂದುಕೊಂಡೆ.

ಆಮೇಲೆ ಕಾಯುವುದು. ಚೆನ್ನೈ ಬಿಟ್ಟಿತು, ಕೊಲಂಬೊದಲ್ಲಿ ಇಳಿಯಿತು, ಅಲ್ಲಿ ಜಾಗವಿಲ್ಲದೆ ಕೂತಿತು, ಇನ್ನೊಂದು ಹಡಗು ಹತ್ತಿತು ಎಂದು ಸಾಹೇಬರು ಫೋನು ನೋಡಿ ಹೇಳುತ್ತಿದ್ದರು. ಅತ್ತೆ ದಿನಾ ಬೆಳಿಗ್ಗೆ ಅವರನ್ನೇ ಕೇಳುವುದು: "ಎಲ್ಲೈತಪ್ಪ ಈಗ?" ಕೊಲಂಬೊದಲ್ಲಿ ಮಳೆ ಎಂದ ದಿನ ಅವರು ಊಟವನ್ನೂ ಸರಿಯಾಗಿ ಮಾಡಲಿಲ್ಲ. ನನಗೆ ನಗು ಬಂದಿತ್ತು.

ಒಂದು ಮಧ್ಯಾಹ್ನ ಸಾಹೇಬರು ನನ್ನ ಮುಂದೆ ಮೊಬೈಲು ಹಿಡಿದರು, ಆ ದೇಶದ ಬಂದರಿನಿಂದ ಬಂದ ಫೋಟೋ. ಬಿಳಿ ಗ್ಲೌಸು ಹಾಕಿದ ಎರಡು ಕೈ. ಕೈಗಳ ನಡುವೆ ಬಿಚ್ಚಿದ ಗಂಟು. ಅದರಲ್ಲಿ ಅಕ್ಕಿ, ಅರ್ಧ ಹೋಳು ಕೊಬ್ಬರಿ, ಅರಿಶಿನದ ಕೊಂಬು, ಬೆಲ್ಲದಚ್ಚು, ಹಸಿರು ಬಳೆ. ಕಟ್ಟಿದ್ದ ಬಟ್ಟೆ ಕೆಂಪಂಚಿನ ಹಸಿರು ರವಿಕೆ ಕಣ. ಗೌರಿ ಹಬ್ಬಕ್ಕೆ ಆ ಕಣವನ್ನು ಅತ್ತೆಗೆ ಕೊಟ್ಟವಳು ನಾನೇ.

"ಬಾಗಿಲ ಪಕ್ಕದ ಕೊನೇ ಸಾಲಿನ ಹಿಂದೆ ಸಿಕ್ತಂತೆ," ಎಂದರು ಸಾಹೇಬರು. "ಆ ದೇಶದೋರಿಗೆ ಇದೇನು ಅಂತ ತಿಳೀದು. ನಂಗೆ ತಿಳೀತದಕ್ಕಾ. ನಾನೂ ಇದೇ ಊರಾಗೆ ಹುಟ್ಟಿದೋನು. ಮಡಿಲಕ್ಕಿ ಇದು." ಅವರು ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

ನಾನು ಅತ್ತೆಯನ್ನು ಮನೆಯಲ್ಲಿ ತರಾಟೆಗೆ ತೆಗೆದುಕೊಂಡೆ. "ಏನ್ ಅತ್ತೆ ನಿಮ್ಮ ಬುದ್ಧಿ! ನಾವು ಹೂವೂ ಮುಡೀದೆ ಸತ್ತಿದ್ದು ಯಾತಕ್ಕೆ? ಅದು ಡಬ್ಬ, ಹೆಣ್ಣಲ್ಲ!"

"ನಾವು ತೊಳ್ದು, ಒಣಗ್ಸಿ, ಬಿಸಿಲು ಮಳೆ ನೋಡ್ದಂಗೆ ಕಾದು ಕಳ್ಸಿದ್ದಲ್ವೇನೆ? ನೀರ ಮೇಲೆ ಅಷ್ಟು ದೂರ ಹೋಗಾದು. ಹೆಣ್ಣನ್ನ ಯಾರಾದ್ರೂ ಬರೀ ಮಡ್ಲಲ್ಲಿ ಕಳಿಸ್ತಾರಾ?"

"ಬೀಜ ಇರಬಾರ್ದು ಅಂತ ಬಾಯಿ ಬಡ್ಕಂಡಿಲ್ವಾ ನಾನು?"

"ಬೀಜ ಎಲ್ಲಿಟ್ಟೆ?" ಅತ್ತೆಗೂ ಸಿಟ್ಟು ಬಂತು. "ಹುಟ್ಟಾದು ಒಂದೂ ಇಟ್ಟಿಲ್ಲ. ಭತ್ತ ಹುಟ್ಟುತ್ತೆ, ಅಕ್ಕಿ ಹುಟ್ಟುತ್ತಾ? ಕಾಯಿ ಮೊಳೆತೀತು ಅಂತ ಕೊಬ್ಬರಿ ಇಟ್ಟೆ. ಅರಿಶಿನ ಬೇಯಿಸಿ ಒಣಗ್ಸಿದ್ದು. ವೀಳ್ಯದೆಲೆ ಹಸೀದು ಅಂತ ಅದ್ನೂ ಬಿಟ್ಟೆ. ಎಲೆ ಇಲ್ದೆ ಮಡ್ಲು ತುಂಬಿದ್ದು ನನ್ನ ಜೀವಮಾನದಾಗೆ ಅದೊಂದೇ. ಬರೀ ಮಡ್ಲಲ್ಲಿ ಬಂದೋಳು, ನಿಂಗೆ ಹೆಂಗೆ ಗೊತ್ತಾಗ್ಬೇಕು!"

ಇಷ್ಟು ವರ್ಷ ಬಾಯಿ ಬಿಡದೆ ಇಟ್ಟುಕೊಂಡಿದ್ದನ್ನು ಆವತ್ತು ಹೊರಗೆ ಹಾಕಿದರು. ನಾನು ಅನ್ನಕ್ಕಿಟ್ಟಿದ್ದನ್ನು ಹಾಗೇ ಬಿಟ್ಟು ಹಿತ್ತಲಿಗೆ ಹೋಗಿ ಕೂತೆ.

ಬೆಳಿಗ್ಗೆ ಅತ್ತೆ ತಾವೇ ಸಾಹೇಬರ ಮುಂದೆ ನಿಂತು, "ನಾನೇ ಕಣಪ್ಪ ಇಟ್ಟೋಳು. ಸೊಸೇದು ಏನೂ ತಪ್ಪಿಲ್ಲ. ಆ ದೇಶದೋರಿಗೆ ಫೋನ್ ಹಾಕು, ನಾನೇ ಹೇಳ್ತೀನಿ," ಎಂದರು. ಯಾವ ಭಾಷೆಯಲ್ಲಿ ಹೇಳುತ್ತಿದ್ದರೋ! ಸಾಹೇಬರು ಅವರನ್ನು ಕುರ್ಚಿಯ ಮೇಲೆ ಕೂರಿಸಿ ಚಹಾ ಕೊಡಿಸಿದರು. ಆಮೇಲೆ ಡಬ್ಬ ಬಿಡಿಸಲು ತಮ್ಮ ಕೈಲಾದ ಪ್ರಯತ್ನವನ್ನೆಲ್ಲ ಮಾಡಿದರು. ಪುಡಿಯಲ್ಲಿ ಒಂದೇ ಒಂದು ಬೀಜವೂ ಸಿಕ್ಕಿಲ್ಲವಂತೆ. ಆದರೆ ಕಾಗದದಲ್ಲಿ ಬರೆಯದ ಅಕ್ಕಿ ಒಳಗಿತ್ತು, ಅಕ್ಕಿಯಲ್ಲಿ ಹುಳು ಆಗಿತ್ತು, ಅಷ್ಟೇ ಸಾಕಾಯಿತು. ವಾಪಸ್ ತರಿಸಲು ಮಾಲಿಗಿಂತ ಹಡಗಿನ ಬಾಡಿಗೆ ಜಾಸ್ತಿ. ಕೊನೆಗೆ ಅಲ್ಲೇ, ಆ ಬಂದರಿನ ಹತ್ತಿರವೇ, ಎಲ್ಲವನ್ನೂ ಸುಟ್ಟರು.

ಸುಡುವುದೇ ಆಗಿದ್ದರೆ ಮಾಡದಕೆರೆ ರಸ್ತೆಯ ಪಕ್ಕದಲ್ಲೇ ಸುಡಬಹುದಿತ್ತಲ್ಲ, ಮೊದಲಿನ ಹಾಗೆ. ಅಷ್ಟು ತೊಳೆದು, ಅಷ್ಟು ಕಾದು, ಅಷ್ಟು ಹಡಗು ಬದಲಾಯಿಸಿ ಹೋಗಿ ಬೂದಿಯಾಗಬೇಕಿತ್ತೇ? ಅತ್ತೆ ಕೇಳಿದ್ದು ಒಂದೇ: "ರವಿಕೆ ಕಣಾನೂ ಸುಟ್ರಾ?" ಸಾಹೇಬರು ಹೌದೆಂದು ತಲೆಯಾಡಿಸಿದರು.

ಯಂತ್ರಗಳು ಮಾರಾಟವಾದವು. ಹೆಂಗಸರು ಅಲ್ಲಿ ಇಲ್ಲಿ ತೋಟದ ಕೂಲಿಗೆ ಚದುರಿದರು. ಯಾರೂ ಅತ್ತೆಗೆ ಮುಖದ ಮೇಲೆ ಒಂದು ಮಾತು ಅನ್ನಲಿಲ್ಲ, ಆದರೆ ಮೊದಲಿನಂತೆ ಮನೆ ಕಡೆ ಬರಲೂ ಇಲ್ಲ. ಅತ್ತೆ ಜಗಲಿಯ ಮೇಲೆ ಕೂತು ರಸ್ತೆ ನೋಡುವುದನ್ನು ಕಲಿತರು. ನನಗೆ ಉಪ್ಪಿನ ವಿಷಯಕ್ಕೆ ಬೈಯುವುದನ್ನೂ ಬಿಟ್ಟರು. ನಿಜ ಹೇಳುತ್ತೇನೆ, ಬೈಗುಳವೇ ಚೆನ್ನಾಗಿತ್ತು.

ಸಾಹೇಬರು ಹಿರಿಯೂರಿನಲ್ಲಿ ಪರಿಚಯದವರ ದೊಡ್ಡ ಯಾರ್ಡಿನಲ್ಲಿ ನನ್ನ ಕೆಲಸಕ್ಕೆ ಹೇಳಿಟ್ಟರು. ಅಲ್ಲೇ ರೂಮು, ಭಾನುವಾರ ಊರಿಗೆ ಬರಬಹುದು. ವಯಸ್ಸಾದವರನ್ನು ತೆಗೆದುಕೊಳ್ಳುವುದಿಲ್ಲ ಎಂದರು. ಗಂಡ ತೋಟ ಬಿಟ್ಟು ಬರುವಂತಿಲ್ಲ. ನನಗೂ ಹೋಗುವ ಹುಮ್ಮಸ್ಸೇನೂ ಇರಲಿಲ್ಲ. ಅದೇ ಪುಡಿ, ಅದೇ ಡಬ್ಬ, ಅದೇ ಕಾಯುವಿಕೆ. ಆದರೂ ಹೊರಟೆ.

ಹೊರಡುವ ಬೆಳಿಗ್ಗೆ ಬ್ಯಾಗು ಎತ್ತಿಕೊಂಡಾಗ ಅತ್ತೆ ನಡುಮನೆಯಲ್ಲಿ ಮಣೆ ಹಾಕಿದ್ದರು. ಪಕ್ಕದಲ್ಲಿ ಮೊರ, ಮೊರದ ತುಂಬ ಅಕ್ಕಿ.

"ಕುಂತ್ಕ," ಎಂದರು.

"ಬಸ್ಸಿಗೆ ಹೊತ್ತಾತು ಅತ್ತೆ."

"ಬಸ್ಸು ಕಾಯ್ತದೆ. ಸೆರಗು ಹಿಡಿ."

ಕೂತೆ. ಅಕ್ಕಿ, ಬೆಲ್ಲ, ಅರಿಶಿನದ ಕೊಂಬು, ಬಳೆ, ಹೊಸ ರವಿಕೆ ಕಣ. ಈ ಸಲ ಕೊಬ್ಬರಿಯಲ್ಲ, ಇಡೀ ತೆಂಗಿನಕಾಯಿ. ಮೇಲೆ ವೀಳ್ಯದೆಲೆ. "ಇದ್ನೆಲ್ಲ ಅಲ್ಲಿ ಗೇಟಿನಾಗೆ ಕಿತ್ಕಂತಾರೆ," ಎಂದೆ, ಏನು ಹೇಳಬೇಕೋ ತಿಳಿಯದೆ.

"ಒಳಗ್ಯಾಕೆ ಒಯ್ತೀಯ? ರೂಮಿನಾಗಿಟ್ಕ, ಬೇಯಿಸ್ಕಂಡು ಉಣ್ಣು. ಈಗ ಒಂದು ಹಿಡಿ ವಾಪಸ್ ಮೊರಕ್ಕೆ ಹಾಕು."

ನನಗೆ ಅರ್ಥವಾಗಲಿಲ್ಲ. ನನ್ನ ಮಡಿಲು ಯಾವತ್ತೂ ಯಾರೂ ತುಂಬಿರಲಿಲ್ಲ, ಕ್ರಮ ಹೇಗೆ ಗೊತ್ತಿರಬೇಕು? ಅತ್ತೆ ನನ್ನ ಕೈ ಹಿಡಿದು ಅಕ್ಕಿಯೊಳಗೆ ಇಳಿಸಿದರು.

"ಹಾಕು. ಎಲ್ಲಾ ತಗಂಡು ಹೋಗ್ಬಾರ್ದು. ತವರು ಬರಿದಾಗ್ತದೆ."

ಆ ಮನೆಯನ್ನು ಅವರು ತವರು ಎಂದರು. ನಾನು ಆ ಮನೆಯಲ್ಲಿ ಇಷ್ಟು ವರ್ಷ ಸೊಸೆಯಾಗಿ ದುಡಿದಿದ್ದೆ, ಜಗಳವಾಡಿದ್ದೆ. ಅದು ನನಗೆ ತವರೂ ಆಗಬಹುದು ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಅಳು ತಡೆಯಲಾಗಲಿಲ್ಲ. ಮೊರಕ್ಕೆ ಹಾಕುವಾಗ ಹಿಡಿಯಷ್ಟು ಅಕ್ಕಿಯಲ್ಲಿ ಅರ್ಧ ನೆಲಕ್ಕೆ ಚೆಲ್ಲಿತು.

ಅತ್ತೆ ಚೆಲ್ಲಿದ ಅಕ್ಕಿಯನ್ನು ನೋಡಿದರು, ನನ್ನನ್ನು ನೋಡಿದರು.

"ಒಂದು ಕಾಳೂ ಬಿಡ್ದಂಗೆ ಆರ್ಸು, ಮೇಸ್ತ್ರಿ," ಎಂದರು.