ಶುಕ್ರವಾರಕ್ಕೆಂದು ಮೀಸಲಾದ ಅವರೆಕಾಯಿ

ಮಿತ್ರರೇ, ಪಾಠಶಾಲೆಯಿಂದ ನಿವೃತ್ತನಾದ ಮೇಲೂ ಪಾಠ ಹೇಳುವ ಚಾಳಿ ಬಿಡದೆ, ರೇಷನ್ನಿನ ಈ ದಿನಗಳಲ್ಲಿ ವಾರದ ಅಡುಗೆಯನ್ನು ಮೊದಲೇ ಗೊತ್ತುಮಾಡಿಕೊಂಡರೆ ದಿನಸಿಯ ಖರ್ಚು ಇಳಿಯುತ್ತದೆಂದು ನಿಮಗೆಲ್ಲ ಬೋಧಿಸಿದವನು ನಾನೇ. ಇಂದು ಆ ಬೋಧನೆ ನನ್ನ ಮನೆಯಲ್ಲೇ ನನ್ನ ಮಾನ ಕಳೆಯಿತು.

ಚೊಚ್ಚಲ ಹೆರಿಗೆಗೆ ಬಂದಿದ್ದ ಮಗಳು ಅವರೆಕಾಯಿ ಸಾರು ಬಯಸಿದ್ದಾಳೆಂದು ತಿಳಿದು, ಅವಳ ಅತ್ತೆ ಮಧುವನಹಳ್ಳಿಯಿಂದ ಗಾಡಿ ಕಟ್ಟಿಸಿಕೊಂಡು ಒಂದು ಕುಕ್ಕೆ ಕಾಯಿ ತಂದರು. ನನ್ನಾಕೆ ಸುಲಿಯಲು ಕುಳಿತಳು. ನಾನು ತಡೆದೆ.

“ಇಂದು ಹುರುಳಿಯ ಸರದಿ. ನೆನೆದ ಕಾಳು ಹಾಳಾಗಬಾರದು. ಅವರೆ ಶುಕ್ರವಾರಕ್ಕಿರಲಿ.”

“ಬಸುರಿ ಬಯಕೆ ಕಣ್ರಿ, ಅದಕ್ಕೆಂಥ ಸರದಿ?” ಎಂದಳು ನನ್ನಾಕೆ.

“ಒಮ್ಮೆ ಸಡಿಲಿಸಿದರೆ ನಿಯಮ ಉಳಿಯುವುದಿಲ್ಲ” ಎಂದೆ.

ಬೀಗಿತ್ತಿ ಕುಕ್ಕೆ ಎತ್ತಿ ಸೊಂಟಕ್ಕಿಟ್ಟುಕೊಂಡರು. “ನಿಮ್ ಸುಕ್ರವಾರ ನೀವೇ ಮಡಿಕಳಿ ಬೀಗ್ರೇ. ಬಸುರೀಗೆ ಉರುಳಿ ಇಕ್ತೀರಲ್ಲ, ಮೈ ಕಾಯ್ತದೆ ಅಂತ ಗೊತ್ತಿಲ್ವಾ? ಏಳವ್ವ, ನಡಿ ಊರ್ಗೆ ಓಗವ. ನಮ್ಮನೇಲಿ ವಾರ ಕೇಳಿ ಒಲೆ ಅಚ್ಚಲ್ಲ!”

ಮಗಳು ನನ್ನ ಮುಖ ನೋಡಿದಳು. “ಇರವ್ವ” ಎಂದಿದ್ದರೆ ಸಾಕಿತ್ತು. ಅವಳು ಗಾಡಿ ಹತ್ತಿದಳು. ಚೊಚ್ಚಲ ಬಾಣಂತನಕ್ಕೆ ಬಂದ ಮಗಳನ್ನು ತವರಿನಲ್ಲಿ ಉಳಿಸಿಕೊಳ್ಳಲಾಗದ ಅಪ್ಪನೆಂದು ಬೀದಿಯವರು ಈಗಲೇ ಆಡಿಕೊಳ್ಳುತ್ತಿದ್ದಾರೆ. ಜಗಲಿಗೆ ಬರಲು ನನಗೆ ಮುಖವಿಲ್ಲ.

ಹುರುಳಿ ಸಾರನ್ನು ನಾವಿಬ್ಬರೇ ಉಂಡೆವು. ಖರ್ಚು ಇಳಿದಿದೆ, ಮಿತ್ರರೇ; ನಾನು ಎಣಿಸಿದ್ದಕ್ಕಿಂತ ಹೆಚ್ಚೇ ಇಳಿದಿದೆ.