ಗೇಟಿನ ಮುಂದೆ ಒಂದು ಕುರ್ಚಿ

ಆ ಮುದುಕ ನಮ್ಮ ಮನೆ ಮುಂದೆಯೇ ಯಾಕೆ ಕೂರುತ್ತಾನೆ? ತಲೆಯೊಳಗೆ ಹುಳ ಬಿಟ್ಟಂತಾಗಿತ್ತು ಅವಳಿಗೆ. ಹಾಲು ಕಾಯಿಸುವಾಗ, ಎರಡು ವರ್ಷದ ಮಗಳಿಗೆ ತುತ್ತಿಡುವಾಗ, ಬಟ್ಟೆ ಹಿಂಡುವಾಗ, ಕಣ್ಣು ಕಿಟಕಿಯತ್ತಲೇ.

ಮೊನ್ನೆ ಬೆಳಗ್ಗೆ ಗೇಟಿನ ಬಲಕ್ಕೆ, ಫುಟ್‌ಪಾತಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ. ನಿನ್ನೆ ಮಧ್ಯಾಹ್ನವೂ ಅದೇ ಜಾಗ, ಅದೇ ಕುರ್ಚಿ. ಪೇಪರ್ ಓದಲಿಲ್ಲ, ಫೋನ್ ನೋಡಲಿಲ್ಲ.

"ಕಾಲು ನೋವಿಗೆ ಕೂತಿರ್ತಾರೆ ಬಿಡೆ," ಎಂದ ಗಂಡ, ಶೂ ಹಾಕಿಕೊಳ್ಳುತ್ತ.

"ಕಾಲು ನೋವಿರೋರು ಮನೆಯಿಂದ ಕುರ್ಚಿ ಹೊತ್ಕೊಂಡು ಬರ್ತಾರಾ?"

ಅವನು ಬ್ಯಾಗು ಹೆಗಲಿಗೇರಿಸಿಕೊಂಡು ಕೆಲಸಕ್ಕೆ ಹೊರಟ.

ಇದರ ಜೊತೆಗೆ ಇನ್ನೊಂದು ತಲೆನೋವು. ಬೀದಿಗಳಲ್ಲಿ ಪುಕ್ಕಟೆಯಾಗಿ ಸಸಿ ನೆಡುವ ಗುಂಪಿನವರು, "ನಿಮ್ಮ ಮನೆ ಮುಂದೆ ನೆಡೋದಕ್ಕೆ ಒಪ್ಪಿಗೆ ಇದ್ರೆ ಇವತ್ತು ಸಂಜೆಯೊಳಗೆ ಫೋನ್ ಮಾಡಿ, ಇಲ್ಲಾಂದ್ರೆ ಗಿಡ ಬೇರೆ ಬೀದಿಗೆ ಹೋಗುತ್ತೆ," ಎಂದಿದ್ದರು. ಮಧ್ಯಾಹ್ನವಾದರೆ ಕಾವಲಿಯಂತೆ ಕಾಯುವ ಮನೆ. ನೆರಳು ಯಾರಿಗೆ ಬೇಡ? ಆದರೆ ಸಸಿಯ ಸುತ್ತ ಎದೆಮಟ್ಟದ ತಗಡು ಸುತ್ತುತ್ತಾರಂತೆ. ಮಗಳೋ, ಗೇಟು ತೆರೆದರೆ ಸಾಕು, ರಸ್ತೆಗೆ ಓಟ. ತಗಡಿನ ಮರೆಯಿಂದ ಫಕ್ಕನೆ ಹೊರಬಂದರೆ ಗಾಡಿಯವರಿಗೆ ಕಾಣುತ್ತಾಳೆಯೇ? ಹೂಂ ಅನ್ನಲು ಫೋನೆತ್ತಿ ಕೆಳಗಿಟ್ಟಳು. ಬೇಡ ಅನ್ನಲು ಎತ್ತಿ, ಮತ್ತೆ ಕೆಳಗಿಟ್ಟಳು.

ಮುದುಕ ಇವತ್ತೂ ಬಂದ. ಇನ್ನು ತಡೆಯಲಾಗದೆ ಮಗಳನ್ನು ಸೊಂಟಕ್ಕೇರಿಸಿಕೊಂಡು ಹೊರಗೆ ಹೋದಳು.

"ಯಾರು ಬೇಕಿತ್ತು?"

"ಯಾರೂ ಬೇಡಮ್ಮ. ನಾನೀಗ ಗಿಡ."

"ಗಿಡಾನಾ?"

"ಸಸಿ ನೆಡೋ ಗುಂಪಿನವನೇ ನಾನು. ಗಿಡ ಒಂದ್ಸಲ ಕೂತ್ರೆ, ಪಕ್ಕಕ್ಕೆ ಸರಿ ಅಂದ್ರೆ ಸರಿಯಲ್ಲ ನೋಡಿ. ಅದಕ್ಕೇ ಮೊದಲು ನಾನು ಕೂತು ನೋಡೋದು. ಯಾರ ಕಾರಿನ ಬಾಗಿಲು ತಾಗುತ್ತೆ, ಯಾರು ಸಿಡುಕ್ತಾರೆ ಅಂತ. ಬೈಗುಳ ಎಲ್ಲಾ ನನಗೇ ಬಿದ್ದುಹೋದ್ರೆ ಗಿಡ ಹಾಯಾಗಿರುತ್ತೆ."

ಮಾತಿಗೆ ಮಾತು ಬೆಳೆಯಿತು. ದುಡಿದಷ್ಟು ಕಾಲವೂ ಸಿಟಿ ಬಸ್ಸು ಓಡಿಸಿದವರು ಅವರು. ಗುಂಪಿನವರೆಲ್ಲ ಡ್ರೈವರ್ ತಾತ ಎನ್ನುತ್ತಾರಂತೆ. "ಬಿಸಿಲಲ್ಲಿ ಕಾದೋರು ಹತ್ತೋವಾಗ್ಲೇ ಕಂಡಕ್ಟರ್ ಮೇಲೆ ಹರಿಹಾಯೋರು. ಮರದ ಕೆಳಗಿನ ಸ್ಟಾಪಿನೋರು ಸೀಟಿಲ್ಲ ಅಂದ್ರೂ ನಗ್ತಾ ಹತ್ತೋರು. ಅದ್ಯಾಕೆ ಅಂತ ಯೋಚಿಸ್ತಾ ಯೋಚಿಸ್ತಾ ರಿಟೈರೇ ಆಗ್ಬಿಟ್ಟೆ." ಮನೆಯಲ್ಲಿ ಹೆಂಡತಿಯದು ಒಂದೇ ರಾಗವಂತೆ: ಅಷ್ಟು ವರ್ಷ ರಸ್ತೇಲಿ ಓಡಿದ್ದು ಸಾಲ್ದು ಅಂತ ಈಗ ರಸ್ತೇಲೇ ಠಿಕಾಣಿ ಹೂಡಿದ್ರಾ?

ಅವಳಿಗೆ ನಗು ಬಂತು, ಆದರೆ ಅಳುಕು ಹೋಗಲಿಲ್ಲ. ಕೇಳಿಯೇಬಿಟ್ಟಳು: "ತಗಡಿನ ಹಿಂದೆ ಇವಳು ನಿಂತ್ರೆ ಕಾಣ್ತಾಳಾ ತಾತ?"

"ನೋಡೇಬಿಡೋಣ. ನಾನೇ ಬಸ್ಸು."

ಅವಳು ಒಳಗಿನಿಂದ ಹೊದಿಕೆ ತಂದು ಕುರ್ಚಿಯ ಮೇಲೆ ಇಳಿಬಿಟ್ಟಳು, ಅದೇ ತಗಡು. ಮಗಳ ಕೈ ಹಿಡಿದು ಹಿಂದೆ ನಿಂತಳು. ಒನ್ ವೇ ಬೀದಿ, ಗಾಡಿಗಳೆಲ್ಲ ಬಲದಿಂದ ಬರುತ್ತವೆ. ಆ ಕಡೆಯಿಂದಲೇ ತಾತ ಇಲ್ಲದ ಸ್ಟೀರಿಂಗ್ ತಿರುಗಿಸುತ್ತ ಬಂದರು. ಮಗಳು ಕೇಕೆ ಹಾಕಿದಳು.

"ಚೆನ್ನಾಗೇ ಕಾಣ್ತಾಳೆ!"

"ಕಾರಿನವರು ನಿಮ್ಮ ಬಸ್ಸಿನಷ್ಟು ಎತ್ತರದಲ್ಲಿ ಕೂರ್ತಾರಾ? ಬಗ್ಗಿ ಬನ್ನಿ."

ತಾತ ಸೊಂಟ ಹಿಡಿದುಕೊಂಡು ಬಗ್ಗಿ ಬಂದರು. ನಡುದಾರಿಯಲ್ಲೇ ನಿಂತುಬಿಟ್ಟರು.

"ನೀವು ಕಾಣ್ತೀರಿ. ಮಗು ಇಲ್ಲ." ಸೊಂಟ ನೆಟ್ಟಗೆ ಮಾಡಿಕೊಂಡರು. "ಎಲ್ಲಾ ಬೀದೀನೂ ಡ್ರೈವರ್ ಸೀಟಿಂದಲೇ ನೋಡ್ಬಿಟ್ನಲ್ಲಮ್ಮಾ."

ಕುರ್ಚಿಯನ್ನು ಗೇಟಿನ ಎಡಕ್ಕೆ ಒಯ್ದು ಮತ್ತೆ ಬಗ್ಗಿ ಬಂದರು. ಈ ಸಲ ಗೇಟು ದಾಟಿದ ಮಗಳು ಅಂಗಾಲಿನಿಂದ ನೆತ್ತಿಯವರೆಗೆ ಕಂಡಳು.

"ಆದ್ರೆ ಇಲ್ಲಿ ನೆಟ್ರೆ ಬಲಗಡೆಯ ಅಡುಗೆಮನೆಗೆ ನೆರಳು ಸಿಗಲ್ಲ," ಎಂದರು ತಾತ.

"ಬೇಯ್ತೀನಿ ಬಿಡಿ. ಅಭ್ಯಾಸ ಇದೆ."

ತಾತ ಕುರ್ಚಿಯನ್ನು ಹೆಗಲಿಗೇರಿಸಿಕೊಂಡರು. ಉಳಿದ ಬೀದಿಗಳಲ್ಲೂ ಇನ್ನೊಮ್ಮೆ ನೋಡಬೇಕಿತ್ತು, ಈ ಸಲ ಗಿಡ್ಡ ಸ್ಟೂಲಿನ ಮೇಲೆ ಕೂತು. "ನಮ್ಮನೆಯವಳ ಸ್ಟೂಲು. ಕೊಡ್ತಾಳೋ, ಅದರಲ್ಲೇ ಬಾರಿಸ್ತಾಳೋ!"

ಅವರು ತಿರುವಿನಲ್ಲಿ ಮರೆಯಾದ ಮೇಲೆ ಅವಳು ಫೋನೆತ್ತಿದಳು. ಈ ಸಲ ಕೆಳಗಿಡಲಿಲ್ಲ.

"ಗಿಡ ಬೇಕು. ಆದ್ರೆ ಗೇಟಿನ ಎಡಕ್ಕೆ."

"ಆಯ್ತು ಮೇಡಂ, ನಾಳೆ ಹುಡುಗರು ಬರ್ತಾರೆ. ಜಾಗಕ್ಕೆ ಗುರುತೇನು?"

"ಅಲ್ಲೊಂದು ಕುರ್ಚಿ ಇರುತ್ತೆ."

"ಓ, ಡ್ರೈವರ್ ತಾತಂದಾ?"

"ಅಲ್ಲ, ಪುಟ್ಟದು," ಎಂದಳು ಅವಳು, ಕಿಟಕಿಯ ಕೆಳಗಿದ್ದ ಕೆಂಪು ಕುರ್ಚಿಯತ್ತ ನೋಡುತ್ತ. "ನಮ್ಮ ಮಗಳದು."